ಓಟಿಯಲ್ಲಿ ನರ ಕಾಯುವ ಕೆಲಸ: ಆನ್-ಕಾಲ್ ಸೇರಲಾ, ಬೇಡವಾ?

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ನ್ಯೂರೋ ಸೈನ್ಸ್ ಟೆಕ್ನಾಲಜಿ ಮುಗಿಸಿ ಒಂದು ವರ್ಷದಿಂದ ದಾವಣಗೆರೆಯಲ್ಲಿ ಇಇಜಿ (ಮೆದುಳಿನ ವಿದ್ಯುತ್ ಅಲೆಯ ಪರೀಕ್ಷೆ), ಎನ್‌ಸಿವಿ (ನರದಲ್ಲಿ ಸಿಗ್ನಲ್ ಓಡುವ ವೇಗದ ಪರೀಕ್ಷೆ) ಮಾಡುತ್ತಿದ್ದೇನೆ. ಆಪರೇಷನ್ ನಡೆಯುವಾಗ ರೋಗಿಯ ನರ ಮಾನಿಟರ್ ಮಾಡುವ ಕೆಲಸಕ್ಕೆ ಬೆಂಗಳೂರಿನ ಕಂಪನಿಯೊಂದು ಕರೆಯುತ್ತಿದೆ. ಆನ್-ಕಾಲ್ ಅಂತೆ, ಕರೆದ ಆಸ್ಪತ್ರೆಗೆ ಮಷೀನ್ ತಗೊಂಡು ಹೋಗಬೇಕಂತೆ. ‘ಸ್ಕ್ರೀನ್ ನೋಡ್ತಾ ಕೂರೋದು, ಅಷ್ಟೇ’ ಅಂತಾಳೆ ನನ್ನ ಗೆಳತಿ. ಮನೆಯಲ್ಲಿ ರಾತ್ರಿ ಕೆಲಸ ಬೇಡ ಅನ್ನುತ್ತಾರೆ. ನಿಜಕ್ಕೂ ಏನು ಕೆಲಸ ಇದು? ಸೇರಲಾ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಏಳು ಗಂಟೆಯ ಕೇಸಿನಲ್ಲಿ ಆರು ಗಂಟೆ ನಾನು ಕೂತೇ ಇರುತ್ತೇನೆ. ಆದರೆ ಆ ಕೂರುವುದಕ್ಕೆ ಏನಾದರೂ ಬೆಲೆ ಇದೆಯಾ ಇಲ್ಲವಾ ಅನ್ನೋದು ಚಾಕು ಇಡುವ ಮುಂಚಿನ ನಲವತ್ತು ನಿಮಿಷದಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ಆನ್-ಕಾಲ್‌ನಲ್ಲಿ ಆ ನಲವತ್ತು ನಿಮಿಷ ಇನ್ನೂ ಕಷ್ಟ. ಯಾಕೆಂದರೆ ನೀವು ಹೋಗುವ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ನಿಮ್ಮ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ. ಸಿಸ್ಟರ್‌ಗೆ ನೀವು ‘ಆ ಮಷೀನ್‌ನವರು’.

ಎನ್‌ಸಿವಿ ಮಾಡುತ್ತಿದ್ದೀರಿ ಅಂದಮೇಲೆ ಅರ್ಧ ಕೆಲಸ ನಿಮಗೆ ಗೊತ್ತು. ಮಣಿಕಟ್ಟಿನಲ್ಲಿ ಮೀಡಿಯನ್ ನರಕ್ಕೆ, ಪಾದದ ಗಂಟಿನ ಹತ್ತಿರ ಟಿಬಿಯಲ್ ನರಕ್ಕೆ ಸಣ್ಣ ಶಾಕ್ ಕೊಡುತ್ತೇವೆ. ಅದು ಬೆನ್ನುಹುರಿ ಹತ್ತಿ ಮೆದುಳಿಗೆ ಬಂದದ್ದನ್ನು ನೆತ್ತಿಯ ಮೇಲಿನ ಸೂಜಿಗಳಲ್ಲಿ ಹಿಡಿಯುತ್ತೇವೆ. ಕೈಯಿಂದ ಹೊರಟದ್ದು ಸುಮಾರು 20 ಮಿಲಿಸೆಕೆಂಡಿಗೆ, ಕಾಲಿನಿಂದ ಹೊರಟದ್ದು ಸುಮಾರು 37 ಮಿಲಿಸೆಕೆಂಡಿಗೆ ಬಂದು ಮುಟ್ಟುತ್ತದೆ. ಇದೇ ಎಸ್‌ಎಸ್‌ಇಪಿ. ಅಲೆ ತೀರಾ ಚಿಕ್ಕದು, ಇಇಜಿಯ ಗದ್ದಲದಲ್ಲಿ ಮುಳುಗಿರುತ್ತದೆ, ಹಾಗಾಗಿ ನೂರಾರು ಸಲ ಶಾಕ್ ಕೊಟ್ಟು ಸರಾಸರಿ ತೆಗೆಯಬೇಕು. ಅಂದರೆ ಏನಾದರೂ ಕೆಟ್ಟರೆ ಅದು ನಿಮಗೆ ಗೊತ್ತಾಗುವುದೇ ಒಂದೆರಡು ನಿಮಿಷ ತಡವಾಗಿ. ಬೇಸ್‌ಲೈನ್‌ಗಿಂತ, ಅಂದರೆ ಶುರುವಿಗೆ ತೆಗೆದಿಟ್ಟ ಅಲೆಗಿಂತ, ಎತ್ತರ ಅರ್ಧಕ್ಕೆ ಇಳಿದರೆ, ಇಲ್ಲಾ ಬರುವ ಸಮಯ ಶೇ 10ರಷ್ಟು ಹಿಂದೆ ಬಿದ್ದರೆ ಬಾಯಿ ಬಿಡಬೇಕು ಅನ್ನುವುದು ಹೆಚ್ಚಿನ ಕಡೆ ಪಾಲಿಸುವ ಅಳತೆ.

ಇದು ಬೆನ್ನುಹುರಿಯ ಹಿಂಭಾಗದ ದಾರಿ, ಸ್ಪರ್ಶದ ಸುದ್ದಿ ಹೋಗುವ ದಾರಿ. ಕೈಕಾಲು ಆಡಿಸುವ ದಾರಿ ಬೇರೆ, ಅದಕ್ಕೆ ರಕ್ತ ಕೊಡುವ ನಾಳವೂ ಬೇರೆ. ಎಸ್‌ಎಸ್‌ಇಪಿ ಚೆನ್ನಾಗಿದ್ದೂ ರೋಗಿ ಎದ್ದಾಗ ಕಾಲು ಆಡದೇ ಹೋದ ಉದಾಹರಣೆಗಳಿವೆ. ಅದಕ್ಕೇ ಮೋಟಾರ್ ಬೇಕು, ಎಂಇಪಿ. ನೆತ್ತಿಯಲ್ಲಿ ಎರಡು ಕಡೆ ಸೂಜಿ ಚುಚ್ಚಿ ಐದರಿಂದ ಏಳು ಪಲ್ಸ್ ಒಟ್ಟಿಗೆ ಕೊಡುತ್ತೇವೆ. ವೋಲ್ಟೇಜ್ ನೂರಾರು, ಆದರೆ ಪಲ್ಸ್ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಕೈಯ ಹೆಬ್ಬೆರಳು, ಕಾಲಿನ ಸ್ನಾಯು ತಟ್ಟನೆ ಅಲುಗುತ್ತವೆ. ಉತ್ತರ ಆ ಕ್ಷಣಕ್ಕೇ ಸಿಗುತ್ತದೆ. ತೊಂದರೆ ಏನೆಂದರೆ ರೋಗಿಯ ಮೈಯೇ ಒಮ್ಮೆ ಕುಲುಕುತ್ತದೆ. ಬೆನ್ನುಹುರಿಯ ಪಕ್ಕದಲ್ಲಿ ಸರ್ಜನ್ ಕೈಯಲ್ಲಿ ಉಪಕರಣ ಇರುವಾಗ ಸುಮ್ನೆ ಬಟನ್ ಒತ್ತುವ ಹಾಗಿಲ್ಲ. ‘ಸರ್, ಮೋಟಾರ್ ಕೊಡಲಾ?’ ಅಂತ ಪ್ರತಿ ಸಲ ಕೇಳಬೇಕು. ಒಂದು ಸ್ಕೋಲಿಯೋಸಿಸ್ (ಬಾಗಿದ ಬೆನ್ನು) ಕೇಸಿನಲ್ಲಿ ಈ ಮಾತು ಅರವತ್ತು ಸಲ ಹೇಳಿದ್ದೂ ಇದೆ.

ಇದೆಲ್ಲ ಬರುವ ಮುಂಚೆ ಏನು ಮಾಡುತ್ತಿದ್ದರು ಗೊತ್ತಾ? ರೋಗಿಯನ್ನು ಟೇಬಲ್ ಮೇಲೇ ಎಬ್ಬಿಸುತ್ತಿದ್ದರು. ಬೆನ್ನು ತೆರೆದೇ ಇರುತ್ತದೆ, ಅರಿವಳಿಕೆ ಕಡಿಮೆ ಮಾಡಿ, ‘ಕಾಲ್ಬೆರಳು ಆಡಿಸಪ್ಪಾ’ ಅಂತ ಕೇಳಿ, ಆಡಿಸಿದರೆ ಮತ್ತೆ ಮಲಗಿಸುವುದು. 1973ರಲ್ಲಿ ಫ್ರಾನ್ಸಿನ ಸ್ಟಾಗ್ನಾರಾ ಮತ್ತು ಜೊತೆಯವರು ಇದನ್ನು ಪ್ರಕಟಿಸಿದರು, ಈಗಲೂ ಅದಕ್ಕೆ ಅವರದ್ದೇ ಹೆಸರು. ಹೊರಗಿನಿಂದ, ಬುರುಡೆ ತೆರೆಯದೆ ಮೆದುಳಿಗೆ ಕರೆಂಟ್ ಕೊಟ್ಟು ಕೈ ಆಡಿಸಬಹುದು ಅಂತ ಮರ್ಟನ್, ಮಾರ್ಟನ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ ತೋರಿಸಿದ್ದು 1980ರಲ್ಲಿ. ಎಬ್ಬಿಸುವ ಪದ್ಧತಿ ಇವತ್ತಿಗೂ ಸತ್ತಿಲ್ಲ. ಸಿಗ್ನಲ್ ಹೋಗಿ ವಾಪಸ್ ಬರದಿದ್ದರೆ ಕೊನೆಗೆ ಅದೇ ಗತಿ.

ಸ್ಪೈನ್ ಬಿಟ್ಟು ಬೇರೆ ಕೇಸುಗಳೂ ಬರುತ್ತವೆ. ಕಿವಿಯ ನರದ ಗೆಡ್ಡೆ ತೆಗೆಯುವಾಗ ಮುಖದ ನರ ಉಳಿಸುವುದು, ಥೈರಾಯ್ಡ್‌ನಲ್ಲಿ ಧ್ವನಿಯ ನರ, ಸೊಂಟದಲ್ಲಿ ಸ್ಕ್ರೂ ಹಾಕಿದಾಗ ಅದು ಮೂಳೆಯ ಗೋಡೆ ಒಡೆದು ಹೊರಗೆ ಬಂದಿದೆಯಾ ಅಂತ ಸ್ಕ್ರೂಗೇ ಕರೆಂಟ್ ಕೊಟ್ಟು ನೋಡುವುದು. 8 ಮಿಲಿಆಂಪ್‌ಗಿಂತ ಕಡಿಮೆಗೇ ಕಾಲಿನ ಸ್ನಾಯು ಅಲುಗಿದರೆ ನಾನು ಸರ್ಜನ್‌ಗೆ ‘ಇನ್ನೊಮ್ಮೆ ನೋಡಿ’ ಅನ್ನುತ್ತೇನೆ. ಇವೆಲ್ಲ ಕೆಲಸ ಮಾಡ್ತಾ ಮಾಡ್ತಾ ಬರುತ್ತವೆ, ಬಿಡಿ.

ಆ ನಲವತ್ತು ನಿಮಿಷಕ್ಕೆ ಬರುತ್ತೇನೆ. ಓಟಿಗೆ ಹೋದ ತಕ್ಷಣ ಮಷೀನ್ ಹತ್ತಿರ ಹೋಗಬೇಡಿ, ಅನಸ್ತೇಶಿಯಾ ಡಾಕ್ಟರ್ ಹತ್ತಿರ ಹೋಗಿ. ನಿಮ್ಮ ಇಡೀ ದಿನ ಅವರ ಕೈಯಲ್ಲಿದೆ. ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಔಷಧ ಕೊಡುತ್ತಾರಲ್ಲ, ರಿಲ್ಯಾಕ್ಸೆಂಟ್, ಅದು ಮೈಯಲ್ಲಿ ಇರುವ ತನಕ ಮೋಟಾರ್ ಬರುವುದಿಲ್ಲ. ಶುರುವಿಗೆ ಒಂದು ಡೋಸ್ ಸರಿ, ಆಮೇಲೆ ಬೇಡ ಅಂತ ಮೊದಲೇ ಕೇಳಿಕೊಳ್ಳಬೇಕು. ಅರಿವಳಿಕೆಯ ಗ್ಯಾಸ್ ಜಾಸ್ತಿಯಾದರೂ ಅಲೆಗಳು ಚಪ್ಪಟೆಯಾಗುತ್ತವೆ. ಪ್ರೊಪೊಫಾಲ್, ಫೆಂಟನಿಲ್ ಥರದ್ದನ್ನು ರಕ್ತನಾಳದಲ್ಲೇ ಹನಿಸುತ್ತಾ ನಿದ್ದೆ ಮಾಡಿಸಿದರೆ ನಮಗೆ ಸ್ವರ್ಗ. ಆದರೆ ಕೆಲವರಿಗೆ ಅದು ಅಭ್ಯಾಸವಿಲ್ಲ, ಕೆಲವು ಕಡೆ ಪಂಪ್ ಒಂದೇ ಇರುತ್ತದೆ. ಹಾಗಾಗಿ ‘ಡಾಕ್ಟ್ರೇ, ಇವತ್ತು ಏನು ಪ್ಲಾನ್?’ ಅಂತ ಕೇಳಿ, ‘ಹೀಗೆ ಮಾಡಿ’ ಅಂತ ಪಾಠ ಹೇಳಲು ಹೋಗಬೇಡಿ. ಇಪ್ಪತ್ತು ವರ್ಷದ ಅನುಭವದವರಿಗೆ ನಿನ್ನೆ ಬಂದ ಹುಡುಗಿ ಔಷಧ ಹೇಳಿದರೆ ಹೇಗಿರುತ್ತದೆ, ಅಲ್ವಾ?

ಆಮೇಲೆ ಸೂಜಿಗಳು. ಇಪ್ಪತ್ತೋ ಮೂವತ್ತೋ ಆಗುತ್ತವೆ. ರೋಗಿಯನ್ನು ಬೋರಲು ಮಲಗಿಸುವ ಮುಂಚೆಯೇ ಎಲ್ಲ ಹಾಕಿ ಟೇಪ್ ಮಾಡಿರಬೇಕು. ಬಟ್ಟೆ ಹೊದಿಸಿದ ಮೇಲೆ ಒಂದು ಸೂಜಿ ಬಿದ್ದರೂ ನೀವು ಟೇಬಲ್ ಕೆಳಗೆ ಮೊಣಕಾಲೂರಿ ತೆವಳಬೇಕಾಗುತ್ತದೆ, ಎಲ್ಲರೂ ನೋಡುತ್ತಾರೆ. ಎರಡೂ ಕಡೆಯ ದವಡೆ ಹಲ್ಲುಗಳ ನಡುವೆ ಮೆತ್ತನೆಯ ಗಾಜ್ ಸುತ್ತಿದ ಬೈಟ್ ಬ್ಲಾಕ್ ಇಡಿಸಿ. ಮೋಟಾರ್ ಕೊಟ್ಟಾಗ ದವಡೆಯೂ ಕಚ್ಚಿಕೊಳ್ಳುತ್ತದೆ, ನಾಲಿಗೆ ಹಲ್ಲಿನ ಮಧ್ಯೆ ಸಿಕ್ಕಿದರೆ ಹೊಲಿಗೆ ಹಾಕಬೇಕಾದೀತು. ಮಗುಚಿದ ಮೇಲೆ ಇನ್ನೊಮ್ಮೆ ಬ್ಯಾಟರಿ ಹಿಡಿದು ಬಗ್ಗಿ ನೋಡಿ. ಮಗುಚುವಾಗಲೇ ಅದು ಜಾರುವುದು.

ಇನ್ನು ಅಲೆಯಲ್ಲಿ ಸೇರಿಕೊಳ್ಳುವ ಕರೆಂಟಿನ ಗದ್ದಲ. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್. ಅದಕ್ಕೇ ಶಾಕನ್ನು ಸೆಕೆಂಡಿಗೆ ಸರಿಯಾಗಿ 5 ಸಲ ಕೊಡುವುದಿಲ್ಲ, 4.7 ಅಂತ ಇಡುತ್ತೇವೆ. 5 ಇಟ್ಟರೆ ಪ್ರತಿ ಸಲವೂ ಕರೆಂಟಿನ ಅಲೆ ಒಂದೇ ಜಾಗದಲ್ಲಿ ಬಂದು ಸರಾಸರಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. 50ನ್ನು ಸಮವಾಗಿ ಭಾಗಿಸದ ಸಂಖ್ಯೆಯಾದರೆ ಅದು ತಾನೇ ಕರಗುತ್ತದೆ. ಹೊಸ ಆಸ್ಪತ್ರೆಗೆ ಹೋದಾಗ ನಾನು ಮೊದಲು ಹುಡುಕುವುದು ಗೋಡೆಯಲ್ಲಿ ಬೇರೆ ಯಾವುದೂ ಹಾಕಿರದ ಒಂದು ಪ್ಲಗ್. ರಕ್ತ ಬಿಸಿ ಮಾಡುವ ಪೆಟ್ಟಿಗೆ, ಟೇಬಲ್‌ನ ಮೋಟಾರು, ಬಿಸಿಗಾಳಿಯ ಹೊದಿಕೆ ಒಂದೊಂದೇ ಆರಿಸಿ ಯಾರು ಕಳ್ಳ ಅಂತ ಕಂಡುಹಿಡಿಯುವುದರಲ್ಲೇ ಕೆಲವು ಬೆಳಗ್ಗೆ ಕಳೆದುಹೋಗುತ್ತದೆ.

ಈಗ ನನ್ನದೊಂದು ತಪ್ಪು ಹೇಳುತ್ತೇನೆ. ಎರಡನೇ ವರ್ಷ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೋಗಿದ್ದೆ, ಹಿಂದಿನ ದಿನದ ಕೇಸ್ ರಾತ್ರಿ ಹತ್ತಕ್ಕೆ ಮುಗಿದಿತ್ತು. ಎಡಗಾಲಿನ ವೈರ್ ಬಲಗಾಲಿನ ಪೆಟ್ಟಿಗೆಗೆ ಚುಚ್ಚಿದೆ. ಎರಡೂ ಕಡೆ ಅಲೆ ಚೆನ್ನಾಗಿ ಬಂತು, ಹಾಗಾಗಿ ಅನುಮಾನವೇ ಬರಲಿಲ್ಲ. ಎರಡು ಗಂಟೆಯ ನಂತರ ‘ಸರ್, ಬಲಗಾಲು ಇಳಿಯುತ್ತಿದೆ’ ಅಂದೆ. ಸರ್ಜನ್ ಬಲಗಡೆ ನೋಡಿದರು, ಏನೂ ಇಲ್ಲ. ಆರು ನಿಮಿಷ ಹಾಗೇ ಹೋಯಿತು. ನಿಜಕ್ಕೂ ಎಡ ಮೊಣಕಾಲಿನ ಕೆಳಗೆ ಕಟ್ಟಿದ ಬೆಲ್ಟ್ ಬಿಗಿಯಾಗಿತ್ತು. ಸಡಿಲ ಮಾಡಿದ ಮೇಲೆ ಸರಿಹೋಯಿತು, ರೋಗಿಗೆ ಏನೂ ಆಗಲಿಲ್ಲ. ಅವತ್ತಿನಿಂದ ನನ್ನದೊಂದು ಅಭ್ಯಾಸ: ಎಡಗಾಲಿನ ಶಾಕ್ ಒತ್ತಿ, ಬಟ್ಟೆಯ ಕೆಳಗೆ ಕೈ ಹಾಕಿ, ಎಡಗಾಲಿನ ಹೆಬ್ಬೆರಳೇ ಬಡಿಯುತ್ತಿದೆಯಾ ಅಂತ ಮುಟ್ಟಿ ನೋಡುತ್ತೇನೆ. ಸ್ಕ್ರೀನ್ ಎಡ ಅಂದರೆ ನಂಬುವುದಿಲ್ಲ. ನೀವೂ ನಂಬಬೇಡಿ.

ಸಿಗ್ನಲ್ ನಿಜಕ್ಕೂ ಹೋದರೆ ಏನಾಗುತ್ತದೆ ಅಂತ ನೀವು ಕೇಳಿಲ್ಲ. ಕೇಳಬೇಕಾಗಿದ್ದು ಅದೇ. ಹದಿನಾಲ್ಕು ವರ್ಷದ ಹುಡುಗಿ, ಬೆನ್ನು ಎಸ್ ಆಕಾರಕ್ಕೆ ಬಾಗಿತ್ತು. ಸ್ಕ್ರೂಗಳೆಲ್ಲ ಕೂತವು, ರಾಡ್ ಹಾಕಿ ಬೆನ್ನನ್ನು ತಿರುಗಿಸಿ ನೇರ ಮಾಡಿದರು. ನಾನು ಮೋಟಾರ್ ಕೇಳಿದೆ, ಕೊಟ್ಟೆ. ಕೈ ಎರಡೂ ಬಂತು. ಕಾಲಿನಲ್ಲಿ ಗೆರೆ ನೆಟ್ಟಗೆ ಮಲಗಿತ್ತು. ಇನ್ನೊಮ್ಮೆ ಕೊಟ್ಟೆ, ಅದೇ. ಎಸ್‌ಎಸ್‌ಇಪಿ ಆಗಿನ್ನೂ ಹಾಗೇ ಇತ್ತು, ಹೇಳಿದೆನಲ್ಲ, ಅದು ಬೇರೆ ದಾರಿ, ಮತ್ತೆ ನಿಧಾನ.

ಆಗ ತಲೆಯಲ್ಲಿ ಓಡಬೇಕಾದ್ದು ಇಷ್ಟು. ವೈರ್ ಬಿಚ್ಚಿದೆಯಾ? ಎರಡೂ ಕಾಲಿನ ಅಷ್ಟೂ ವೈರ್ ಒಟ್ಟಿಗೆ ಬಿಚ್ಚುವುದಿಲ್ಲ. ರಿಲ್ಯಾಕ್ಸೆಂಟ್ ಕೊಟ್ಟರಾ? ಕೊಟ್ಟಿದ್ದರೆ ಕೈಯೂ ಹೋಗಬೇಕಿತ್ತು, ಆದರೂ ಕೇಳಿದೆ, ಕೊಟ್ಟಿರಲಿಲ್ಲ. ರಕ್ತದೊತ್ತಡ? ಸರಾಸರಿ 58 ಇತ್ತು, ಕಡಿಮೆ. ಕಾಲಿನ ಸಿಗ್ನಲ್ ಕೈಗಿಂತ ಸೂಕ್ಷ್ಮ, ಒತ್ತಡ ಬಿದ್ದರೆ ಮೊದಲು ಸೊರಗುವುದು ಕಾಲೇ. ಆದರೆ ಬೆನ್ನು ತಿರುಗಿಸಿದ ಮರುನಿಮಿಷವೇ ಹೋಗಿದೆ ಅನ್ನುವುದನ್ನು ಮರೆಯುವಂತಿಲ್ಲ. ಇಷ್ಟಕ್ಕೆ ನಿಮಗೆ ಒಂದು ನಿಮಿಷ ಇದೆ, ಬಹಳ ಅಂದರೆ ಒಂದೂವರೆ. ಆಮೇಲೆ ಹೇಳಬೇಕು. ನಾನು ಹೇಳಿದ್ದು: ‘ಸರ್, ಎರಡೂ ಕಾಲಿನ ಮೋಟಾರ್ ಹೋಗಿದೆ. ಕೈ ಸರಿಯಿದೆ. ತಿರುಗಿಸುವ ಮುಂಚೆ ಇತ್ತು. ಬಿಪಿ ಮೀನ್ 58.’ ಅಷ್ಟೇ. ‘ಸ್ವಲ್ಪ ಕಡಿಮೆ ಅನಿಸ್ತಿದೆ ಸರ್, ಮಷೀನ್ ಇರಬಹುದೇನೋ’ ಅಂತ ಎಳೆಯಬಾರದು. ಕಾರಣ ಇದೇ ಅಂತ ತೀರ್ಪು ಕೊಡುವುದೂ ನಿಮ್ಮ ಕೆಲಸ ಅಲ್ಲ. ಕಂಡದ್ದನ್ನು, ಕಂಡ ಹೊತ್ತನ್ನು ಹೇಳಿ.

ಅವತ್ತು ಸರ್ಜನ್ ಕೈ ಎತ್ತಿ ಸಂಗೀತ ನಿಲ್ಲಿಸಿ ಅಂದರು. ಅನಸ್ತೇಶಿಯಾದವರು ಒತ್ತಡ 85ರ ಮೇಲೆ ಏರಿಸಿದರು, ಸರ್ಜನ್ ರಾಡ್ ಸಡಿಲಿಸಿ ತಿರುಗಿಸಿದ್ದನ್ನು ವಾಪಸ್ ಬಿಟ್ಟರು, ಬೆಚ್ಚಗಿನ ಸಲೈನ್ ಸುರಿದರು. ಹದಿನಾಲ್ಕು ನಿಮಿಷಕ್ಕೆ ಬಲಗಾಲು ಬಂತು. ಎಡಗಾಲು ಬರಲು ಇನ್ನೂ ಹತ್ತು ನಿಮಿಷ. ಆಮೇಲೆ ಅಷ್ಟು ನೇರ ಮಾಡಲು ಹೋಗಲಿಲ್ಲ, ಸ್ವಲ್ಪ ಬಾಗು ಉಳಿಸಿ ಮುಗಿಸಿದರು. ಮಾರನೇ ದಿನ ಹುಡುಗಿ ಎರಡೂ ಕಾಲು ಆಡಿಸಿದಳು ಅಂತ ಸಿಸ್ಟರ್ ಮೆಸೇಜ್ ಮಾಡಿದರು. ಇಂಥ ಹೊತ್ತಿನಲ್ಲಿ ಯಾರು ಏನು ನೋಡಬೇಕು ಅಂತ ಒಂದು ಚೆಕ್‌ಲಿಸ್ಟ್ ಇದೆ, ಅಮೆರಿಕದ ಮೈಕಲ್ ವಿಟಾಲೆ ಎಂಬ ಸರ್ಜನ್ ಮತ್ತವರ ತಂಡ 2014ರಲ್ಲಿ ಪ್ರಕಟಿಸಿದ್ದು. ಅದನ್ನು ಪ್ರಿಂಟ್ ಹಾಕಿ ಮಷೀನ್‌ಗೆ ಅಂಟಿಸಿಕೊಳ್ಳಿ. ಗಾಬರಿಯಲ್ಲಿ ನೆನಪು ಕೈಕೊಡುತ್ತದೆ.

ಎಲ್ಲ ಸರ್ಜನ್‌ಗಳೂ ಹೀಗೆ ಕೇಳಿಸಿಕೊಳ್ಳುವುದಿಲ್ಲ. ‘ಮೊದಲು ನಿನ್ನ ಮಷೀನ್ ಸರಿ ಮಾಡ್ಕೋ’ ಅಂತ ಕೂಗಿಸಿಕೊಂಡಿದ್ದೇನೆ, ಹೆಸರು ಬೇಡ. ಅಂಥವರ ಮುಂದೆ ಎರಡನೇ ಸಲ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುವುದಕ್ಕೆ ನಿಮಗೆ ಬಲ ಕೊಡುವುದು ಬೆಳಗಿನ ಬೇಸ್‌ಲೈನ್. ಅದು ಗಟ್ಟಿಯಾಗಿದ್ದರೆ, ನಾಲ್ಕು ಅಂಗದಲ್ಲೂ ಚೆನ್ನಾಗಿ ಬಂದದ್ದನ್ನು ಶುರುವಿಗೇ ಅವರಿಗೆ ತೋರಿಸಿದ್ದರೆ, ನಿಮ್ಮ ಮಾತು ತೂಕದ್ದು. ಬೇಸ್‌ಲೈನೇ ಅರೆಬರೆ ಆಗಿದ್ದರೆ ನಿಮಗೇ ನಿಮ್ಮ ಮೇಲೆ ನಂಬಿಕೆ ಇರುವುದಿಲ್ಲ. ಬೇಸ್‌ಲೈನ್ ಬರಲಿಲ್ಲ ಅಂದರೆ ಅದನ್ನೂ ಆಗಲೇ ಹೇಳಿ, ಬರೆದಿಡಿ.

ಇನ್ನು ಮನೆಯವರ ಮಾತು. ನಡುರಾತ್ರಿಯ ಕೇಸ್ ಕಡಿಮೆ. ಇವು ಹೆಚ್ಚಿನವು ಮೊದಲೇ ದಿನ ಗೊತ್ತುಮಾಡಿದ ಆಪರೇಷನ್‌ಗಳು, ಅಪಘಾತದ ಬೆನ್ನುಮೂಳೆ ಆಗೊಮ್ಮೆ ಈಗೊಮ್ಮೆ. ಕಷ್ಟ ಇರುವುದು ಹೊತ್ತು ಗೊತ್ತಿಲ್ಲದಿರುವುದರಲ್ಲಿ. ನಾಳೆಯ ಲಿಸ್ಟ್ ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಬರುತ್ತದೆ, ಹನ್ನೊಂದಕ್ಕೆ ಬದಲಾಗುತ್ತದೆ. ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ ಏಳಕ್ಕೆ ಮುಟ್ಟಬೇಕೆಂದರೆ ಐದೂಕಾಲಕ್ಕೆ ಕಾರು ತೆಗೆಯುತ್ತೇನೆ. ದಾರಿ ಅಷ್ಟೇ ಅಲ್ಲ, ಗೇಟಿನಲ್ಲಿ ಸೆಕ್ಯೂರಿಟಿಯವರು ಮಷೀನ್‌ನ ಸೀರಿಯಲ್ ನಂಬರ್ ಬರೆದುಕೊಂಡು ಪಾಸ್ ಕೊಡುವ ತನಕ ಒಳಗೆ ಬಿಡುವುದಿಲ್ಲ. ಅಷ್ಟೆಲ್ಲ ಮಾಡಿ ಹೋದರೆ ರೋಗಿಗೆ ಜ್ವರ, ಕೇಸ್ ಕ್ಯಾನ್ಸಲ್. ಇಲ್ಲಾ ಎಂಟಕ್ಕೆ ಶುರುವಾಗಬೇಕಾದ್ದು ರಕ್ತ ಬಂದಿಲ್ಲ ಅಂತ ಹನ್ನೊಂದಕ್ಕೆ, ಮುಗಿಯುವುದು ರಾತ್ರಿ ಎಂಟಕ್ಕೆ. ಮದುವೆಮನೆಗೆ ಬರುತ್ತೇನೆ ಅಂತ ನಾನು ಮಾತು ಕೊಡುವುದನ್ನೇ ಬಿಟ್ಟಿದ್ದೇನೆ.

ಮೈಯ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಒಬ್ಬರೇ ಇದ್ದರೆ ಶೌಚಾಲಯಕ್ಕೆ ಹೋಗಲೂ ಸರ್ಜನ್‌ಗೆ ಹೇಳಿ, ಅವರು ಅಪಾಯದ ಜಾಗದಲ್ಲಿ ಇಲ್ಲದ ಹೊತ್ತು ನೋಡಿ ಓಡಬೇಕು. ಹಾಗಂತ ನೀರು ಕುಡಿಯದೆ ಇರಬೇಡಿ, ನಾನು ಹಾಗೆ ಮಾಡಿ ಕಲ್ಲು ಬರಿಸಿಕೊಂಡೆ. ಓಟಿ ಚಳಿ, ಒಳಗೆ ತುಂಬುತೋಳಿನ ಬನಿಯನ್ ಇರಲಿ. ಸಿ-ಆರ್ಮ್ (ಓಟಿಯ ಎಕ್ಸ್-ರೇ ಮಷೀನ್) ಬಂದಾಗ ಲೆಡ್ ಏಪ್ರನ್ ಕೇಳಿ ಹಾಕಿಕೊಳ್ಳಿ, ಹೊರಗಿನವರಿಗೆ ಸಾಲದು ಅಂದರೆ ಗೋಡೆಯ ಆಚೆ ಹೋಗಿ ನಿಲ್ಲಿ, ನಾಚಿಕೆ ಬೇಡ. ಕೇಸ್ ಮುಗಿದಾಗ ಸೂಜಿಗಳನ್ನು ಜೋರಾಗಿ ಎಣಿಸುತ್ತಾ ತೆಗೆಯಿರಿ, ಹಾಕಿದಷ್ಟೂ ಡಬ್ಬಕ್ಕೆ ಬಿದ್ದಿರಬೇಕು. ರೋಗಿಯ ಕೂದಲಲ್ಲಿ ಉಳಿದ ಒಂದು ಸೂಜಿ ವಾರ್ಡಿನ ಆಯಾ ಕೈಗೆ ಚುಚ್ಚುತ್ತದೆ. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿರದಿದ್ದರೆ ಮೊದಲು ಅದು.

ಅಮೆರಿಕದಲ್ಲಿ ಈ ಕೆಲಸಕ್ಕೆ ಒಂದು ಚೌಕಟ್ಟಿದೆ. ನನ್ನ ಜೊತೆ ಓದಿದವಳೊಬ್ಬಳು ಟೆಕ್ಸಸ್‌ನಲ್ಲಿದ್ದಾಳೆ. ಅವಳು ಓಟಿಯಲ್ಲಿ ಕೂತಿದ್ದರೆ ಇನ್ನೆಲ್ಲೋ ಒಬ್ಬ ಡಾಕ್ಟರ್ ಇಂಟರ್ನೆಟ್‌ನಲ್ಲಿ ಅದೇ ಅಲೆಗಳನ್ನು ನೋಡುತ್ತಿರುತ್ತಾರೆ, ಅರ್ಥ ಹೇಳುವ ಹೊಣೆ ಅವರದ್ದು. ಅಬ್ರೆಟ್ ಎಂಬ ಸಂಸ್ಥೆ ನಡೆಸುವ ಸಿಎನ್‌ಐಎಂ ಪರೀಕ್ಷೆ ಪಾಸಾದರೆ ಬೆಲೆ ಜಾಸ್ತಿ. ಅದಕ್ಕೆ ಕೂರಲು 150 ಕೇಸ್ ಮಾಡಿದ ದಾಖಲೆ ಬೇಕು. ನೀವು ಸೇರಿದರೆ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಆಪರೇಷನ್, ಏನೇನು ಮಾನಿಟರ್ ಮಾಡಿದಿರಿ ಅಂತ ಬರೆಯುತ್ತಾ ಹೋಗಿ, ರೋಗಿಯ ಹೆಸರು ಬೇಡ. ನಾನು ಮೊದಲ ಎರಡು ವರ್ಷದ್ದು ಬರೆಯಲಿಲ್ಲ, ಅಷ್ಟೂ ಲೆಕ್ಕಕ್ಕೆ ಸಿಗದೆ ಹೋಯಿತು.

ನಮ್ಮಲ್ಲಿ ಹಾಗೆ ಇನ್ನೊಂದು ಜೋಡಿ ಕಣ್ಣು ಎಲ್ಲ ಕಡೆ ಇರುವುದಿಲ್ಲ. ಹಾಗಾಗಿ ಸೇರಲಾ ಅನ್ನುವ ಪ್ರಶ್ನೆಯನ್ನು ನನಗಲ್ಲ, ಆ ಕಂಪನಿಗೆ ತಿರುಗಿಸಿ. ಒಬ್ಬಳೇ ಹೋಗುವ ಮುಂಚೆ ಎಷ್ಟು ಕೇಸ್ ಸೀನಿಯರ್ ಪಕ್ಕದಲ್ಲಿ ಕೂರಿಸುತ್ತೀರಿ? ಐವತ್ತಕ್ಕಿಂತ ಕಡಿಮೆ ಅಂದರೆ ನನಗೆ ಸರಿ ಅನಿಸುವುದಿಲ್ಲ, ಅದರಲ್ಲೂ ಬಾಗಿದ ಬೆನ್ನಿನ ಕೇಸುಗಳು ಇರಲೇಬೇಕು. ಸಿಗ್ನಲ್ ಹೋದ ಆ ನಿಮಿಷ ನಾನು ಯಾರಿಗೆ ಫೋನ್ ಮಾಡಬೇಕು, ಅವರಿಗೆ ನನ್ನ ಸ್ಕ್ರೀನ್ ಕಾಣುತ್ತದಾ? ಕ್ಯಾನ್ಸಲ್ ಆದ ಕೇಸಿಗೆ, ಕಾದ ಗಂಟೆಗಳಿಗೆ ದುಡ್ಡು ಇದೆಯಾ? ಆನ್-ಕಾಲ್ ದಿನ ಕೇಸೇ ಬರದಿದ್ದರೆ? ರಾತ್ರಿ ಒಂಬತ್ತಾದ ಮೇಲೆ ಮುಗಿದರೆ ಗಾಡಿ ಯಾರದ್ದು? ಉತ್ತರಗಳನ್ನು ಮೇಲ್‌ನಲ್ಲಿ ತರಿಸಿಕೊಂಡು ಅಪ್ಪ ಅಮ್ಮನಿಗೂ ಓದಿ ಹೇಳಿ.

ಫೋನ್ ಯಾರಿಗೆ ಅನ್ನುವುದಕ್ಕೆ ‘ಸರ್ಜನ್ ಇರ್ತಾರಲ್ಲ’ ಅಂತ ಉತ್ತರ ಬಂದರೆ ಹೋಗಬೇಡಿ, ಬೇರೆ ಕಡೆಯಿಂದ ಕರೆ ಬರುತ್ತದೆ. ಅಲ್ಲಿಯ ತನಕ ದಾವಣಗೆರೆಯಲ್ಲೇ ನಿಮ್ಮ ಡಾಕ್ಟರ ಒಪ್ಪಿಗೆ ಕೇಳಿ ದಿನಕ್ಕೊಂದು ಟಿಬಿಯಲ್ ಎಸ್‌ಎಸ್‌ಇಪಿ ಮಾಡಿ, ಊದಿದ ಕಾಲು, ಸಕ್ಕರೆ ಕಾಯಿಲೆಯ ಕಾಲು ಸಿಕ್ಕರೆ ಬಿಡಬೇಡಿ. ಬೆಳಗ್ಗೆ ಏಳಕ್ಕೆ ಓಟಿಯಲ್ಲಿ ಅಲೆ ಸರಿಯಾಗಿ ಕೊಡದೆ ನಿಮಗೆ ಅಳು ಬರಿಸುವುದು ಅಂಥ ಕಾಲುಗಳೇ.